ತೋಮನು ಮುಟ್ಟಿದ ಗಾಯ: ಟಾಮ್ ಸ್ಟಾಪರ್ಡ್ ನಾಟಕಗಳಲ್ಲಿ ವಲಸೆ, ದೀಕ್ಷಾಸ್ನಾನ ಮತ್ತು ನೆನಪು

1899ರ ಕ್ರಿಸ್ಮಸ್ ಸಮಯ. ವಿಯೆನ್ನಾ ನಗರದ ಸಿರಿವಂತ ಮನೆಯೊಂದರ ಹಜಾರದಲ್ಲಿ ಮಕ್ಕಳು ಕ್ರಿಸ್ಮಸ್ ಮರವನ್ನು ಅಲಂಕರಿಸುತ್ತಿದ್ದಾರೆ. ಮರದ ತುದಿಗೆ ನಕ್ಷತ್ರವನ್ನಿಡುವ ಗೌರವ ಚಿಕ್ಕ ಹುಡುಗನೊಬ್ಬನಿಗೆ ದೊರೆಯುತ್ತದೆ. ಅವನು ಇಡುವುದು ಬೇತ್ಲೆಹೇಮಿನ ನಕ್ಷತ್ರವನ್ನಲ್ಲ, ದಾವೀದನ ಆರುಮೂಲೆಯ ನಕ್ಷತ್ರವನ್ನು. ಹಿರಿಯರು ನಗುತ್ತಾರೆ, ತಪ್ಪನ್ನು ತಿದ್ದುತ್ತಾರೆ. ಆ ಮನೆಯ ಯಜಮಾನ ಯೆಹೂದ್ಯನಾಗಿ ಹುಟ್ಟಿ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದವನು. ಅವನ ಹೆಂಡತಿ ಹುಟ್ಟು ಕಥೋಲಿಕಳು. ಬಂಧುಗಳಲ್ಲಿ ಹೆಚ್ಚಿನವರು ಯೆಹೂದ್ಯರಾಗಿಯೇ ಉಳಿದವರು. ಎರಡೂ ಹಬ್ಬಗಳನ್ನು ಒಂದೇ ಛಾವಣಿಯ ಕೆಳಗೆ ಆಚರಿಸಬಲ್ಲೆವೆಂಬ ನಿಶ್ಚಿಂತೆ ಅಲ್ಲಿ ತುಂಬಿದೆ. ಟಾಮ್ ಸ್ಟಾಪರ್ಡ್ ಅವರ ಕೊನೆಯ ನಾಟಕವಾದ ‘ಲಿಯೊಪೋಲ್ಡ್‌ಸ್ಟಾಟ್’ ಹೀಗೆ ಆರಂಭವಾಗುತ್ತದೆ. ಆ ಹುಡುಗನ ಕೈತಪ್ಪು ಎಷ್ಟು ನಿಜವಾಗಿತ್ತೆಂಬುದನ್ನು ಮುಂದಿನ ಐವತ್ತಾರು ವರ್ಷಗಳ ಕಥೆ ತೋರಿಸುತ್ತದೆ.

2025ರ ನವೆಂಬರ್ 29ರಂದು, ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದ ಸ್ಟಾಪರ್ಡ್ ಅವರನ್ನು ಇಂಗ್ಲಿಷ್ ರಂಗಭೂಮಿ ಮಾತಿನ ಚಮತ್ಕಾರದ ಗಾರುಡಿಗನೆಂದು ಕೊಂಡಾಡಿದೆ. ನಮ್ಮ ದೇವಜ್ಞಾನ ಶಾಲೆಗಳಲ್ಲಿ ಅವರ ಹೆಸರು ಬಂದರೆ ಅದು ಬಹುಶಃ ದೇವರ ಅಸ್ತಿತ್ವದ ವಾದಗಳನ್ನು ರಂಗಕ್ಕೆ ತಂದ ‘ಜಂಪರ್ಸ್’ ನಾಟಕದ ನಿಮಿತ್ತ. ನನ್ನ ಅಭಿಪ್ರಾಯ ಬೇರೆ. ನಮಗೆ ಅವರಿಂದ ಕಲಿಯಬೇಕಾದದ್ದಿರುವುದು ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯಲ್ಲಲ್ಲ. ದಾಟಿ ಬಂದವನು ಹಿಂದೆ ಉಳಿದವರಿಗೆ ಏನನ್ನು ಸಲ್ಲಿಸಬೇಕು, ಆ ಸಾಲವನ್ನು ಮರೆಯಲು ದೀಕ್ಷಾಸ್ನಾನವೂ ಒಂದು ಉಪಾಯವಾಗಬಹುದೇ ಎಂಬ ಪ್ರಶ್ನೆಯಲ್ಲಿ. ಈ ಪ್ರಶ್ನೆಗೆ ಬರಲು ಅವರಿಗೆ ಒಂದು ಆಯುಷ್ಯವೇ ಬೇಕಾಯಿತು.

ಅವರು ಹುಟ್ಟಿದ್ದು 1937ರ ಜುಲೈ 3ರಂದು, ಚೆಕೊಸ್ಲೊವಾಕಿಯದ ಜ್ಲಿನ್ ಎಂಬ ಊರಿನಲ್ಲಿ. ಇಟ್ಟ ಹೆಸರು ತೊಮಾಶ್ ಸ್ಟ್ರಾಯ್ಸ್ಲರ್. ನಮ್ಮ ಪೇಟೆಬೀದಿಗಳಲ್ಲೂ ಅಂಗಡಿ ತೆರೆದಿರುವ ಬಾಟಾ ಪಾದರಕ್ಷೆಯ ಕಂಪನಿಯ ಮೂಲಸ್ಥಾನ ಆ ಊರು. ತಂದೆ ಯೂಗೆನ್ ಕಂಪನಿಯ ಆಸ್ಪತ್ರೆಯಲ್ಲಿ ವೈದ್ಯರು. 1939ರ ಮಾರ್ಚಿಯಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿದಾಗ ಕಂಪನಿಯು ತನ್ನ ಯೆಹೂದ್ಯ ವೈದ್ಯರನ್ನು ಹೊರದೇಶಗಳ ಶಾಖೆಗಳಿಗೆ ಕಳುಹಿಸಿತು. ಹೀಗೆ ಸ್ಟ್ರಾಯ್ಸ್ಲರ್ ಕುಟುಂಬ ಸಿಂಗಾಪುರವನ್ನು ಸೇರಿತು. 1942ರಲ್ಲಿ ಜಪಾನೀಯರು ಅಲ್ಲಿಗೂ ಬಂದರು. ತಾಯಿ ಮಾರ್ತಾ ಇಬ್ಬರು ಗಂಡುಮಕ್ಕಳೊಡನೆ ಹಡಗು ಹತ್ತಿ ಭಾರತಕ್ಕೆ ಬಂದರು. ಹಿಂದೆ ಉಳಿದ ತಂದೆ ಹೊರಟ ಹಡಗು ಬಾಂಬಿಗೆ ತುತ್ತಾಯಿತು. ಡಾರ್ಜೀಲಿಂಗಿನಲ್ಲಿ ತಾಯಿ ಬಾಟಾ ಅಂಗಡಿಯನ್ನು ನೋಡಿಕೊಂಡರು, ಮಕ್ಕಳು ಮೆಥೋಡಿಸ್ಟ್ ಮಿಷನ್ನಿನಿಂದ ಹುಟ್ಟಿದ ಮೌಂಟ್ ಹರ್ಮನ್ ಶಾಲೆಗೆ ಹೋದರು. 1945ರಲ್ಲಿ ಮಾರ್ತಾ ಬ್ರಿಟಿಷ್ ಸೇನೆಯ ಮೇಜರ್ ಕೆನೆತ್ ಸ್ಟಾಪರ್ಡ್ ಅವರನ್ನು ಮದುವೆಯಾದರು. ಮರುವರ್ಷ ಎಂಟು ವರ್ಷದ ತೊಮಾಶ್, ಟಾಮ್ ಸ್ಟಾಪರ್ಡ್ ಆಗಿ ಇಂಗ್ಲೆಂಡಿಗೆ ಬಂದಿಳಿದನು.

ತಾಯಿ ಹಿಂದಿನದನ್ನು ಕುರಿತು ಮಾತನಾಡಲಿಲ್ಲ. ಮಗನೂ ಕೇಳಲಿಲ್ಲ. ಮಲತಂದೆಯಾದರೋ ಇಂಗ್ಲಿಷನಾಗಿರುವುದಕ್ಕಿಂತ ದೊಡ್ಡ ಭಾಗ್ಯವಿಲ್ಲವೆಂದು ನಂಬಿದ್ದ ಮನುಷ್ಯ. ಹುಡುಗ ಆ ಭಾಗ್ಯವನ್ನು ಮನಃಪೂರ್ವಕವಾಗಿ ಸ್ವೀಕರಿಸಿದನು. ಹದಿನೇಳನೆಯ ವಯಸ್ಸಿಗೆ ವಿಶ್ವವಿದ್ಯಾಲಯದ ಗೊಡವೆಗೇ ಹೋಗದೆ ಬ್ರಿಸ್ಟಲ್ ನಗರದಲ್ಲಿ ಪತ್ರಿಕಾ ವರದಿಗಾರನಾದನು. 1967ರಲ್ಲಿ ‘ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡೆನ್‌ಸ್ಟರ್ನ್ ಸತ್ತಿದ್ದಾರೆ’ ಎಂಬ ನಾಟಕವನ್ನು ಲಂಡನ್ನಿನ ನ್ಯಾಷನಲ್ ಥಿಯೇಟರ್ ಆಡಿದಾಗ ಅವರಿಗೆ ಇಪ್ಪತ್ತೊಂಬತ್ತು. ಹ್ಯಾಮ್ಲೆಟ್ ನಾಟಕದ ಇಬ್ಬರು ಸಣ್ಣ ಪಾತ್ರಧಾರಿಗಳು ತಮ್ಮನ್ನು ಯಾರು ಕರೆಸಿದರು, ಏಕೆ ಕರೆಸಿದರು ಎಂದು ತಿಳಿಯದೆ ಹಡಗು ಹತ್ತಿ ತಮ್ಮ ಮರಣಪತ್ರವನ್ನು ತಾವೇ ಹೊತ್ತು ಸಾಗುವ ಕಥೆ ಅದು. ಇವತ್ತು ಅದನ್ನು ಓದುವವರಿಗೆ ನಿರಾಶ್ರಿತ ಮಗುವೊಂದರ ನೆನಪು ಅಲ್ಲಿ ಕಾಣಿಸುವುದು ಸಹಜ. ಆದರೆ ಅದನ್ನು ಬರೆದಾತನಿಗೆ ಅದು ಕಾಣಿಸಿರಲಿಲ್ಲ. ಹಿಂದಿನಿಂದ ಬೆಳಕು ಹಾಯಿಸಿ ಓದುವ ನಮ್ಮ ಚಪಲಕ್ಕೆ ಇಲ್ಲಿ ಸ್ವಲ್ಪ ಕಡಿವಾಣವಿರಬೇಕು.

‘ಜಂಪರ್ಸ್’ (1972) ವಿಚಾರದಲ್ಲಿ ಇಷ್ಟು ಸಂಕೋಚ ಬೇಕಾಗಿಲ್ಲ. ಜಾರ್ಜ್ ಎಂಬ ನೀತಿಶಾಸ್ತ್ರದ ಪ್ರಾಧ್ಯಾಪಕ ದೇವರಿದ್ದಾನೆಯೇ ಎಂಬ ಉಪನ್ಯಾಸವನ್ನು ತನ್ನ ಕಾರ್ಯದರ್ಶಿನಿಗೆ ಹೇಳಿ ಬರೆಸುತ್ತಿದ್ದಾನೆ. ಸೃಷ್ಟಿಕರ್ತನಾದ ದೇವರು ಒಬ್ಬನೋ, ಒಳ್ಳೆಯತನಕ್ಕೆ ಆಧಾರನಾದ ದೇವರು ಇನ್ನೊಬ್ಬನೋ ಎಂದು ಅವನು ಗೊಂದಲಗೊಳ್ಳುವ ಭಾಗ ನಿಜಕ್ಕೂ ಸೊಗಸಾಗಿದೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಅದನ್ನು ಧಾರಾಳವಾಗಿ ಬಳಸಬಹುದು. ದೇಶದ ಹೊಸ ಸರ್ಕಾರವು ನಾಸ್ತಿಕಪ್ರಾಯನಾದ ಕೃಷಿ ವಕ್ತಾರನೊಬ್ಬನನ್ನು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನನ್ನಾಗಿ ನೇಮಿಸುವ ಪ್ರಹಸನವೂ ಅಲ್ಲಿದೆ. ಆದರೆ ನಾಟಕದ ಮರ್ಮವಿರುವುದು ರಂಗದ ಇನ್ನೊಂದು ಬದಿಯಲ್ಲಿ. ಪಕ್ಕದ ಮಲಗುವ ಕೋಣೆಯ ಕಪಾಟಿನ ಬಾಗಿಲಿಗೆ ಒಂದು ಶವ ತೂಗುಬಿದ್ದಿದೆ. ಮನಸ್ಸು ಮುರಿದ ಹೆಂಡತಿ ಸಹಾಯಕ್ಕಾಗಿ ಕೂಗುತ್ತಿದ್ದಾಳೆ. ಜಾರ್ಜ್ ವಾಕ್ಯವನ್ನು ತಿದ್ದುತ್ತಿದ್ದಾನೆ. ಒಳ್ಳೆಯತನಕ್ಕೆ ದೇವರೇ ಆಧಾರವೆಂದು ಸಾಧಿಸಹೊರಟವನಿಗೆ ತನ್ನ ಮನೆಯಲ್ಲಿ ಸತ್ತವನೊಬ್ಬನಿರುವುದು ಗೊತ್ತಿಲ್ಲ. ಭಾನುವಾರದ ಪ್ರಸಂಗವನ್ನು ಶನಿವಾರ ರಾತ್ರಿ ಬರೆಯುವ ನಮ್ಮಂಥವರು ಈ ದೃಶ್ಯವನ್ನು ನೋಡಿ ನಗುವಾಗ ಸ್ವಲ್ಪ ಅಳುಕಿಯೇ ನಗುತ್ತೇವೆ.

ಐದು ವರ್ಷಗಳ ನಂತರ ಆ ಕಪಾಟಿನ ಬಾಗಿಲನ್ನು ಅವರೇ ತೆರೆದರು. 1977ರಲ್ಲಿ ಅವರು ಪ್ರಾಗ್ ನಗರಕ್ಕೆ ಹೋಗಿ, ‘ಚಾರ್ಟರ್ 77’ ಎಂಬ ಮಾನವಹಕ್ಕು ಮನವಿಯ ಹಿಂದಿದ್ದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಅವರನ್ನು ಭೇಟಿಯಾದರು. ಅವರಿಗೇ ಅರ್ಪಿಸಿ ‘ಪ್ರೊಫೆಷನಲ್ ಫೌಲ್’ ಎಂಬ ದೂರದರ್ಶನ ನಾಟಕವನ್ನು ಬರೆದರು. ಕೇಂಬ್ರಿಜ್‌ನ ನೀತಿಶಾಸ್ತ್ರಜ್ಞ ಆ್ಯಂಡರ್ಸನ್ ಪ್ರಾಗ್‌ನ ವಿಚಾರಗೋಷ್ಠಿಗೆ ಬರುತ್ತಾನೆ. ನಿಜಕ್ಕೂ ಅವನು ಬಂದಿರುವುದು ಫುಟ್‌ಬಾಲ್ ಪಂದ್ಯವನ್ನು ನೋಡಲು. ಅವನ ಹಳೆಯ ಶಿಷ್ಯ ಹೊಲ್ಲಾರ್ ತನ್ನ ಬರೆಹವನ್ನು ಗುಟ್ಟಾಗಿ ಇಂಗ್ಲೆಂಡಿಗೆ ಒಯ್ಯಬೇಕೆಂದು ಬೇಡಿಕೊಳ್ಳುತ್ತಾನೆ. ಆತಿಥೇಯ ಸರ್ಕಾರಕ್ಕೆ ಮೋಸ ಮಾಡುವುದು ನೀತಿಯಲ್ಲವೆಂದು ಗುರು ನಿರಾಕರಿಸುತ್ತಾನೆ. ಶಿಷ್ಯನ ಬಂಧನವಾದ ಬಳಿಕ ಅವನ ಹೆಂಡತಿಯನ್ನೂ ಅಳುತ್ತಿರುವ ಚಿಕ್ಕ ಮಗನನ್ನೂ ಎದುರಿಸಬೇಕಾಗಿ ಬಂದಾಗ, ಅವನ ಸಿದ್ಧಾಂತ ಒಂದು ಮಗುವಿನ ನ್ಯಾಯಪ್ರಜ್ಞೆಯ ಮುಂದೆ ನಿಲ್ಲುವುದಿಲ್ಲ. ಇಲ್ಲಿ ನಾಟಕಕಾರನಿಗೆ ತಾನು ಹುಟ್ಟಿದ ದೇಶ ಮತ್ತೆ ಸಿಕ್ಕಿತು. ಹುಟ್ಟಿದ ಮನೆತನ ಇನ್ನೂ ಸಿಕ್ಕಿರಲಿಲ್ಲ. ತಾನು ಚೆಕ್ ಎಂಬುದು ಅವರಿಗೆ ಗೊತ್ತಿತ್ತು. ತಾನು ಯೆಹೂದ್ಯ ಎಂಬುದರ ಬಗ್ಗೆ ಏನೋ ಮಸುಕಾದ ಸುಳಿವಷ್ಟೇ ಇತ್ತು.

ಆ ಮಸುಕು 1993ರಲ್ಲಿ ಸರಿಯಿತು. ಲಂಡನ್ನಿಗೆ ಬಂದಿದ್ದ ಬಂಧುವೊಬ್ಬರು ನ್ಯಾಷನಲ್ ಥಿಯೇಟರಿನ ಊಟದ ಮೇಜಿನ ಮೇಲೆ ಒಂದು ಕಾಗದವನ್ನಿಟ್ಟು ವಂಶವೃಕ್ಷವನ್ನು ಬರೆದು ತೋರಿಸಿದರು. ನಾಲ್ವರು ಅಜ್ಜ ಅಜ್ಜಿಯರೂ ಯೆಹೂದ್ಯರು. ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತವರು. ತಾಯಿಯ ಮೂವರು ಸೋದರಿಯರು ಶಿಬಿರಗಳಲ್ಲಿ ಅಳಿದವರು. ಐವತ್ತಾರು ವರ್ಷದ ಪ್ರಸಿದ್ಧ ಲೇಖಕನಿಗೆ ಇದು ಊಟದ ನಡುವೆ ತಿಳಿದ ಸಂಗತಿ. 1996ರಲ್ಲಿ ತಾಯಿ ತೀರಿಕೊಂಡ ಕೆಲಕಾಲಕ್ಕೆ, ಮಗನ ಈ ಹೊಸ ಒಲವನ್ನು ಸಹಿಸದ ಮಲತಂದೆ ತನ್ನ ‘ಸ್ಟಾಪರ್ಡ್’ ಹೆಸರನ್ನು ಬಿಟ್ಟುಬಿಡಬೇಕೆಂದು ಪತ್ರ ಬರೆದರು. ಕೊಟ್ಟ ಹೆಸರನ್ನು ಹಿಂದಕ್ಕೆ ಕೇಳುವುದೆಂದರೆ ಏನೆಂಬುದನ್ನು, ಹೆಸರಿಟ್ಟು ದೀಕ್ಷಾಸ್ನಾನ ಕೊಡುವ ನಾವು ನಿಧಾನವಾಗಿ ಯೋಚಿಸಬೇಕು.

ಸ್ಟಾಪರ್ಡ್ 1999ರಲ್ಲಿ ಪ್ರಕಟಿಸಿದ ಆತ್ಮಕಥನಾತ್ಮಕ ಪ್ರಬಂಧದಲ್ಲಿ ಒಂದು ಪ್ರಸಂಗವಿದೆ. ಹುಟ್ಟೂರಿನ ನಂಟನ್ನು ಹುಡುಕುತ್ತಾ ಹೋದಾಗ ಅವರಿಗೆ ಮಹಿಳೆಯೊಬ್ಬರ ಭೇಟಿಯಾಗುತ್ತದೆ. ಬಾಲ್ಯದಲ್ಲಿ ಅವರ ಕೈಗೆ ಗಾಜು ತಾಗಿ ಗಾಯವಾದಾಗ ಹೊಲಿಗೆ ಹಾಕಿದ್ದವರು ಡಾಕ್ಟರ್ ಸ್ಟ್ರಾಯ್ಸ್ಲರ್. ಗಾಯದ ಕಲೆ ಇನ್ನೂ ಉಳಿದಿದೆ. ಆಕೆ ಕೈ ಚಾಚುತ್ತಾರೆ; ಮಗ ಅದನ್ನು ಮುಟ್ಟುತ್ತಾನೆ. ಮುಖವೂ ನೆನಪಿಲ್ಲದ ತಂದೆಯ ಕೈಕೆಲಸದಲ್ಲಿ ಅವನ ಬೆರಳಿಗೆ ಸಿಕ್ಕಿದ್ದು ಅಷ್ಟೇ. ಈ ಮನುಷ್ಯನ ಹೆಸರು ತೊಮಾಶ್, ಅಂದರೆ ನಮ್ಮ ತೋಮ. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಬಲ್ಲ ಓದುಗನಿಗೆ ಮೈ ಜುಮ್ಮೆನ್ನದಿರದು. ಆದರೂ ಹೋಲಿಕೆಯನ್ನು ಎಳೆದು ದೊಡ್ಡದು ಮಾಡಲಾರೆ. ಸುವಾರ್ತೆಯ ತೋಮನಿಗೆ ಗಾಯದ ಮೂಲಕ ಜೀವಂತನಾದವನು ದೊರೆತನು. ಈ ತೋಮನಿಗೆ ದೊರೆತದ್ದು ಸತ್ತವನು ಸತ್ತಿದ್ದಾನೆಂಬ ಅರಿವು, ಮತ್ತು ಅದಕ್ಕಾಗಿ ದುಃಖಿಸಲು ತಡವಾಗಿ ಬಂದ ಹಕ್ಕು.

ಈ ಪ್ರಸಂಗ ನಾಟಕವಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ನಡುವೆ ‘ದಿ ಕೋಸ್ಟ್ ಆಫ್ ಯುಟೋಪಿಯ’, ‘ರಾಕ್ ಎನ್ ರೋಲ್’ ಮೊದಲಾದವು ಬಂದವು. 2015ರ ‘ದಿ ಹಾರ್ಡ್ ಪ್ರಾಬ್ಲಮ್’ ಪ್ರಾರ್ಥನೆಯನ್ನು ಗೌರವದಿಂದ ಕಾಣುವ ನಾಟಕ: ಹದಿಹರೆಯದಲ್ಲಿ ಹೆತ್ತು ಕೊಟ್ಟುಬಿಟ್ಟ ಮಗಳಿಗಾಗಿ ಅದರ ನಾಯಕಿ, ಮಿದುಳಿನ ವಿಜ್ಞಾನವನ್ನು ಓದುತ್ತಲೇ, ಪ್ರತಿ ರಾತ್ರಿ ಮೊಣಕಾಲೂರುತ್ತಾಳೆ. ಅದರ ವಾದಗಳಿಗಿಂತ ಆ ಮೊಣಕಾಲೂರುವಿಕೆ ಮನಸ್ಸಿನಲ್ಲಿ ನಿಲ್ಲುತ್ತದೆ. ಬೇರೆ ಹೇಳಬೇಕಾದದ್ದು ಹೆಚ್ಚಿಲ್ಲ.

2020ರ ಆರಂಭದಲ್ಲಿ, ಕೊರೋನಾ ಕಾಲದ ಬಾಗಿಲುಮುಚ್ಚುವಿಕೆಗೆ ಕೆಲವೇ ವಾರ ಮೊದಲು, ಲಂಡನ್ನಿನಲ್ಲಿ ‘ಲಿಯೊಪೋಲ್ಡ್‌ಸ್ಟಾಟ್’ ರಂಗಕ್ಕೆ ಬಂತು. 2023ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿಯನ್ನೂ ಗಳಿಸಿತು. ಶೀರ್ಷಿಕೆಯಲ್ಲೇ ಒಂದು ಚರಿತ್ರೆ ಅಡಗಿದೆ. 1670ರಲ್ಲಿ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡ್ ವಿಯೆನ್ನಾದಿಂದ ಯೆಹೂದ್ಯರನ್ನು ಹೊರಗಟ್ಟಿದನು. ಅವರ ಸಭಾಮಂದಿರವಿದ್ದ ಸ್ಥಳದಲ್ಲಿ ಸಂತ ಲಿಯೊಪೋಲ್ಡನ ದೇವಾಲಯ ಎದ್ದಿತು. ಆ ಬಡಾವಣೆಗೆ ಲಿಯೊಪೋಲ್ಡನ ಹೆಸರೇ ನಿಂತಿತು. ಮುಂದೆ ಯೆಹೂದ್ಯರು ಮರಳಿ ಬಂದು ನೆಲೆಸಿದ್ದು ಅಲ್ಲಿಯೇ. ನಾಟಕದ ಮೆರ್ಟ್ಸ್ ಕುಟುಂಬ ಆ ಬಡಾವಣೆಯನ್ನು ಬಿಟ್ಟು ಮೇಲ್ವರ್ಗದ ಬೀದಿಗೆ ಏರಿದೆ. ಅವರ ವಂಶದ ಕೊನೆಯ ಕುಡಿಗೆ ಇಡುವ ಹೆಸರು ಲಿಯೊಪೋಲ್ಡ್. ಅಟ್ಟಿದವನ ಹೆಸರನ್ನು ಹೊತ್ತುಕೊಂಡೇ ಅಟ್ಟಿಸಿಕೊಂಡವರು ಬದುಕುತ್ತಾರೆ.

ಮನೆಯ ಯಜಮಾನ ಹರ್ಮನ್ ಮೆರ್ಟ್ಸ್ ಬಟ್ಟೆ ಉದ್ಯಮಿ. ಅವನ ದೀಕ್ಷಾಸ್ನಾನದಲ್ಲಿ ಕಪಟವಿದೆಯೆನ್ನಲಾಗದು, ವಿಶ್ವಾಸವಿದೆಯೆನ್ನಲೂ ಆಗದು. ಅದು ನಾಗರಿಕತೆಗೆ ಸಲ್ಲಿಸಿದ ಪ್ರವೇಶ ಶುಲ್ಕ. ಇದು ನಾಟಕಕಾರನ ಕಲ್ಪನೆಯಲ್ಲ. 1897ರ ಆರಂಭದಲ್ಲಿ ಕಥೋಲಿಕ ದೀಕ್ಷಾಸ್ನಾನ ಹೊಂದಿದ ಸಂಗೀತಗಾರ ಗುಸ್ತಾವ್ ಮಾಹ್ಲರ್ ಅದೇ ವರ್ಷ ವಿಯೆನ್ನಾದ ಆಸ್ಥಾನ ಒಪೆರಾದ ನಿರ್ದೇಶಕನಾದನು. ಅದೇ ವರ್ಷ, ಯೆಹೂದ್ಯ ದ್ವೇಷವನ್ನು ಬಂಡವಾಳವಾಗಿಸಿಕೊಂಡ ಕಾರ್ಲ್ ಲ್ಯೂಗರ್ ನಗರದ ಮೇಯರನಾದನು. ಅವನ ಪಕ್ಷದ ಹೆಸರು ಕ್ರಿಶ್ಚಿಯನ್ ಸೋಷಿಯಲ್ ಪಕ್ಷ. ಈ ಎರಡು ಬಾಗಿಲುಗಳು ಒಂದೇ ಕಟ್ಟಡದವು ಎಂಬುದನ್ನು ಹರ್ಮನ್ ನೋಡಲೊಲ್ಲ. ವಾಗ್ದತ್ತ ದೇಶ ಇದೇ, ಬೇರೆಲ್ಲೂ ಹೋಗಬೇಕಾಗಿಲ್ಲ ಎಂಬುದು ಅವನ ವಾದ. ಗಣಿತಜ್ಞನಾದ ಅವನ ಭಾವ ಲೂಡ್ವಿಗ್ ಅದನ್ನು ಒಪ್ಪುವುದಿಲ್ಲ.

ಎರಡನೆಯ ದೃಶ್ಯಭಾಗದಲ್ಲಿ, 1900ರಲ್ಲಿ, ತನಗಾದ ಅವಮಾನಕ್ಕೆ ಉತ್ತರವಾಗಿ ಹರ್ಮನ್ ಫ್ರಿಟ್ಸ್ ಎಂಬ ಸೇನಾಧಿಕಾರಿಯನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಅಧಿಕಾರಿ ಒಲ್ಲೆನೆನ್ನುತ್ತಾನೆ. ಯೆಹೂದ್ಯನೊಡನೆ ಕಾದಾಡುವುದು ತನ್ನ ದಳದ ನಿಯಮಕ್ಕೆ ವಿರುದ್ಧ. ಯೆಹೂದ್ಯನಿಗೆ ಹುಟ್ಟಿನಿಂದಲೇ ಮಾನವಿಲ್ಲವಾದ್ದರಿಂದ ಅವನಿಗೆ ಅವಮಾನವೂ ಆಗಲಾರದು! ಹರ್ಮನ್ ಕಥೋಲಿಕನೆಂಬ ಸಂಗತಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಡೀ ನಾಟಕದಲ್ಲಿ ನನಗೆ ಅತ್ಯಂತ ಸತ್ಯವೆನಿಸುವ ಘಟ್ಟ ಇದು. ಹರ್ಮನ್ ತನ್ನ ಹಣೆಗೆ ಬಿದ್ದ ನೀರನ್ನು ನಂಬಿದ್ದನು. ಆ ನೀರನ್ನು ಹುಯ್ದ ಸಮಾಜವೇ ಅದನ್ನು ನಂಬಿರಲಿಲ್ಲ.

ಮೂವತ್ತೆಂಟು ವರ್ಷಗಳ ನಂತರ ಇದು ಕಾನೂನಾಯಿತು. 1935ರ ನ್ಯೂರೆಂಬರ್ಗ್ ಕಾಯಿದೆಯ ಪ್ರಕಾರ ಮೂವರು ಅಜ್ಜ ಅಜ್ಜಿಯರು ಯೆಹೂದ್ಯರಾಗಿದ್ದರೆ ಮನುಷ್ಯನು ಯೆಹೂದ್ಯನೇ, ದೀಕ್ಷಾಸ್ನಾನವಾಗಿದ್ದರೂ. 1938ರಲ್ಲಿ ಅದು ಆಸ್ಟ್ರಿಯಕ್ಕೂ ಅನ್ವಯವಾಯಿತು. ಆ ವರ್ಷದ ಮಾರ್ಚಿಯಲ್ಲಿ ವಿಯೆನ್ನಾದ ಕಾರ್ಡಿನಲ್ ಇನಿಟ್ಸರ್ ಮತ್ತು ಇತರ ಬಿಷಪರು ಹಿಟ್ಲರನ ಆಡಳಿತವನ್ನು ಸ್ವಾಗತಿಸುವ ಹೇಳಿಕೆಗೆ ಸಹಿ ಹಾಕಿದರು. ಅದೇ ಕಾರ್ಡಿನಲ್ 1940ರಲ್ಲಿ ಯೆಹೂದ್ಯ ಮೂಲದ ಕಥೋಲಿಕರಿಗಾಗಿ ನೆರವಿನ ಕಚೇರಿಯೊಂದನ್ನು ತೆರೆದರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆ ನೆರವೂ ದೀಕ್ಷಾಸ್ನಾನದ ಗೆರೆಯನ್ನು ಎಳೆದುಕೊಂಡೇ ಆರಂಭವಾಯಿತು. ಪ್ರೊಟೆಸ್ಟೆಂಟರಾದ ನಾವು ಇದನ್ನು ರೋಮಿನ ತಪ್ಪೆಂದು ಬದಿಗಿಡುವಂತಿಲ್ಲ: 1933ರಲ್ಲಿ ಯೆಹೂದ್ಯ ಮೂಲದ ಬೋಧಕರನ್ನು ಸೇವೆಯಿಂದ ತೆಗೆದುಹಾಕುವ ಆರ್ಯ ನಿಯಮವನ್ನು ಅಂಗೀಕರಿಸಿದ್ದು ಪ್ರಷ್ಯದ ಪ್ರೊಟೆಸ್ಟೆಂಟ್ ಸಭೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲನು ಅನ್ಯಜನರನ್ನು ಕಾಡು ಎಣ್ಣೆಮರದ ಕೊಂಬೆಗೆ ಹೋಲಿಸುತ್ತಾನೆ. ಊರ ಎಣ್ಣೆಮರಕ್ಕೆ ಕಸಿಯಾದ ಆ ಕೊಂಬೆ ಬೇರಿನ ಮೇಲೆ ಹೆಚ್ಚಳಪಡಬಾರದೆಂಬುದು ಅಲ್ಲಿಯ ಎಚ್ಚರಿಕೆ. ಹರ್ಮನನ ವಿಯೆನ್ನಾದಲ್ಲಿ ಈ ಕಸಿ ತಲೆಕೆಳಗಾಗಿದೆ. ಬೇರಿನಿಂದ ಬಂದವನೇ ಕೊಂಬೆಯ ಬಳಿ ಜಾಗ ಬೇಡಬೇಕು, ಬೇರನ್ನು ಮರೆತೆನೆಂದು ತೋರಿಸಿದ ಮೇಲೆ. ದೀಕ್ಷಾಸ್ನಾನವು ಸಾಯುವುದೂ ಏಳುವುದೂ ಆಗಿದೆಯೆಂದು ನಾವು ಬೋಧಿಸುತ್ತೇವೆ, ಸರಿಯಾಗಿಯೇ ಬೋಧಿಸುತ್ತೇವೆ. ಆದರೆ ಅಲ್ಲಿ ಸಾಯಬೇಕಾದದ್ದು ಪಾಪಕ್ಕೆ ದಾಸನಾದ ಹಳೆಯ ಮನುಷ್ಯ, ಅಜ್ಜಿಯ ಹೆಸರಲ್ಲ. ಈ ಎರಡನ್ನು ಬೆರೆಸಿದ ಬೋಧನೆಯ ಬೆಲೆಯನ್ನು ಸ್ಟಾಪರ್ಡ್ ಅವರ ನಾಟಕ ಎಣಿಸಿ ತೋರಿಸುತ್ತದೆ.

ಕನ್ನಡ ಓದುಗರಿಗೆ ಇದು ದೂರದ ಮಾತೆನಿಸಲಾರದು. ನಮ್ಮಲ್ಲಿ ಎಷ್ಟೋ ಮನೆತನಗಳ ವಂಶಾವಳಿ ಆರಂಭವಾಗುವುದೇ ಸಭೆಯ ದೀಕ್ಷಾಸ್ನಾನದ ರಿಜಿಸ್ಟರಿನಿಂದ. ಅದಕ್ಕೂ ಹಿಂದಿನವರನ್ನು ಕೇಳಿದರೆ ಹಿರಿಯರು ಮಾತು ತಿರುಗಿಸುತ್ತಾರೆ. ಜಾತಿಯ ಅವಮಾನವನ್ನು ದಾಟಿ ಬಂದವರಿಗೆ ಆ ಮೌನ ಒಂದು ಆಸರೆಯಾಗಿತ್ತೆಂಬುದನ್ನು ಬಲ್ಲೆ. ವಿಯೆನ್ನಾದ ಉದ್ಯಮಿಯ ಮರೆವನ್ನೂ ನೊಂದವರ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಮದುವೆಯ ಮಾತುಕತೆಯಲ್ಲಿ ಆ ಅಳಿಸಿದ ಹೆಸರು ಸಭೆಯವರ ಬಾಯಲ್ಲೇ ಮೆಲ್ಲನೆ ಮರಳಿ ಬರುವುದನ್ನು ಕೇಳಿದ ಯಾವ ಸಭಾಪಾಲಕನಿಗೂ ಸೇನಾಧಿಕಾರಿ ಫ್ರಿಟ್ಸ್ ಅಪರಿಚಿತನಲ್ಲ.

ನಾಟಕದ ಕೊನೆಯ ಭಾಗ 1955ರದು. ಬರಿದಾದ ಅದೇ ಮನೆಯಲ್ಲಿ ಮೂವರು ಸೇರಿದ್ದಾರೆ: ನ್ಯೂಯಾರ್ಕಿನಿಂದ ಬಂದ ರೋಸಾ, ಔಷ್ವಿಟ್ಸ್ ಶಿಬಿರದಿಂದ ಬದುಕಿ ಬಂದ ನಾಥನ್, ಇಂಗ್ಲೆಂಡಿನಿಂದ ಬಂದ ಯುವಕ ಲಿಯೊ. ಲಿಯೊಪೋಲ್ಡ್ ರೋಸೆನ್‌ಬೌಮ್ ಆಗಿ ಹುಟ್ಟಿದ ಇವನು ಮಲತಂದೆಯ ಹೆಸರನ್ನು ಪಡೆದು ಲಿಯೊನಾರ್ಡ್ ಚೇಂಬರ್ಲೇನ್ ಆಗಿದ್ದಾನೆ, ಹಾಸ್ಯ ಪುಸ್ತಕಗಳನ್ನು ಬರೆಯುತ್ತಾನೆ, ಇಂಗ್ಲಿಷನಾದದ್ದಕ್ಕೆ ಹೆಮ್ಮೆಪಡುತ್ತಾನೆ, ಈ ಮನೆಯ ಏನೊಂದೂ ಅವನಿಗೆ ನೆನಪಿಲ್ಲ. ನಾಥನ್ ಅವನನ್ನು ಕ್ಷಮಿಸುವುದಿಲ್ಲ: ಹಿಂದೆ ನೆರಳೇ ಬೀಳದವನಂತೆ ನೀನು ಬದುಕುತ್ತಿದ್ದೀ ಎಂಬುದು ಅವನ ಆರೋಪದ ತಿರುಳು. ದಾವೀದನ ಮುಂದೆ ನಿಂತ ಪ್ರವಾದಿ ನಾತಾನನ ಹೆಸರೇ ಇವನಿಗಿರುವುದನ್ನು ನಮ್ಮ ಓದುಗರು ಗಮನಿಸದಿರಲಾರರು. ಕಡೆಗೆ ಲಿಯೊಗೆ ನೆನಪು ಮರಳುವುದು ತನ್ನದೇ ಕೈಯ ಗಾಯದ ಕಲೆಯಿಂದ. ಮನೆಯವರನ್ನು ಹೊರಹಾಕಲು ಬಂದ ಆ 1938ರ ದಿನ, ಚಿಕ್ಕ ಹುಡುಗನ ಕೈಯಲ್ಲಿದ್ದ ಬಟ್ಟಲು ಒಡೆದು ಗಾಯವಾಗಿತ್ತು. ಹೊಲಿಗೆ ಹಾಕಿದವನು ಆ ಮನೆಯ ವೈದ್ಯ. ಬದುಕಿನಲ್ಲಿ ಇನ್ನೊಬ್ಬರ ಕೈಯಲ್ಲಿದ್ದ ಕಲೆಯನ್ನು ಸ್ಟಾಪರ್ಡ್ ನಾಟಕದಲ್ಲಿ ತನ್ನ ಪ್ರತಿರೂಪದ ಕೈಗೆ ಸ್ಥಳಾಂತರಿಸಿದ್ದಾರೆ.

ಇಲ್ಲಿ ನನ್ನದೊಂದು ಆಕ್ಷೇಪವಿದೆ. ಪಾತ್ರಗಳು ಅತಿ ಹೆಚ್ಚಾಗಿ ಯಾರು ಯಾರ ಮಗನೆಂದು ತಿಳಿಯುವುದೇ ಕಷ್ಟ, ಮಾತುಗಳಲ್ಲಿ ಚರಿತ್ರೆಯ ಪಾಠ ಹೆಚ್ಚು ಎಂಬ ದೂರುಗಳು ನ್ಯಾಯವಾದರೂ ಚಿಕ್ಕವು. ದೊಡ್ಡದು ಇದು: ಲಿಯೊಗೆ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ಸತ್ಯ ತಿಳಿದಾಗ ಸ್ಟಾಪರ್ಡ್ ಅವರಿಗೆ ಐವತ್ತಾರು. ಯುವಕನ ಅಜ್ಞಾನಕ್ಕೆ ಯುವಕನ ವಯಸ್ಸೇ ಅರ್ಧ ಕ್ಷಮೆ. ಪ್ರೌಢನಾಗಿ, ಪ್ರಸಿದ್ಧನಾಗಿ, ಕೇಳಬಹುದಾಗಿದ್ದ ತಾಯಿ ಬದುಕಿದ್ದಾಗಲೂ ಕೇಳದೆ ಕಳೆದ ವರ್ಷಗಳ ಲೆಕ್ಕ ನಾಟಕದಲ್ಲಿ ಎಲ್ಲಿಯೂ ಇಲ್ಲ. ತನ್ನನ್ನು ನಾಥನನ ಕಟಕಟೆಗೆ ನಿಲ್ಲಿಸಿಕೊಂಡ ಲೇಖಕನು ತನ್ನ ಬದಲಿಗೆ ಚಿಕ್ಕವನೊಬ್ಬನನ್ನು ಕಳುಹಿಸಿದ್ದಾನೆ. ಲಿಯೊ ಅಳುತ್ತಾನೆ, ನಾವೂ ಅಳುತ್ತೇವೆ. ಆ ಅಳು ಕೊಂಚ ಬೇಗ ಬಂತೆನಿಸುತ್ತದೆ. ಪಶ್ಚಾತ್ತಾಪವನ್ನು ನಿತ್ಯವೂ ಬೋಧಿಸುವ ನಮಗೆ ಈ ಬಗೆಯ ಜಾರುವಿಕೆ ಹೊಸದೇನಲ್ಲ.

ಆದರೆ ನಾಟಕ ಅಳುವಿನಲ್ಲಿ ಮುಗಿಯುವುದಿಲ್ಲ. ಲಿಯೊ ಕೇಳುತ್ತಾನೆ, ರೋಸಾ ವಂಶವೃಕ್ಷವನ್ನು ಬರೆದು ಕೊಟ್ಟಿದ್ದಾಳೆ. ನ್ಯಾಷನಲ್ ಥಿಯೇಟರಿನ ಮೇಜಿನ ಮೇಲಿದ್ದ ಕಾಗದವೇ ರಂಗಕ್ಕೆ ಬಂದಂತಿದೆ. ಒಂದೊಂದೇ ಹೆಸರು, ಅದರ ಮುಂದೆ ಅವರು ಸತ್ತ ಊರು ಅಥವಾ ಸತ್ತ ಬಗೆ. ಔಷ್ವಿಟ್ಸ್ ಎಂಬ ಒಂದೇ ಸ್ಥಳನಾಮ ಮತ್ತೆ ಮತ್ತೆ ಬರುತ್ತದೆ. ಹಿಂದೆ, ಹಬ್ಬದ ಮನೆಯಲ್ಲಿ ಗದ್ದಲ ಮಾಡುತ್ತಿದ್ದಾಗ ನಮಗೆ ಗುರುತು ಹಿಡಿಯಲಾಗದೆ ಹೋದ ಮುಖಗಳಿಗೆ ಈಗ ಹೆಸರು ಸಿಗುತ್ತದೆ, ಅವರಿಲ್ಲದಾದ ಮೇಲೆ. ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಪ್ರಥಮಫಲದ ಬುಟ್ಟಿಯನ್ನು ಯಾಜಕನ ಮುಂದಿಟ್ಟ ಇಸ್ರಾಯೇಲನು ತನ್ನ ಅಲೆಮಾರಿ ಪೂರ್ವಜನ ಕಥೆಯನ್ನು ಗಟ್ಟಿಯಾಗಿ ಹೇಳಬೇಕೆಂಬ ವಿಧಿಯಿದೆ. ಲಿಯೊ ಕೈಯಲ್ಲಿ ಬುಟ್ಟಿಯಿಲ್ಲ, ಮುಂದೆ ಯಾಜಕನಿಲ್ಲ. ಅದನ್ನು ನಮ್ಮ ಆರಾಧನಾಕ್ರಮದೊಳಗೆ ಸೆಳೆದು ಅಲ್ಲಿ ಪುನರುತ್ಥಾನದ ಸಾಂತ್ವನವನ್ನು ಸೇರಿಸುವ ಬಯಕೆ ಬೋಧಕನಿಗೆ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಆ ಪಟ್ಟಿಯ ಮುಂದೆ ಅದನ್ನು ಉಚ್ಚರಿಸುವ ಅಧಿಕಾರ ಮೊದಲಿಗೆ ನಮ್ಮದಲ್ಲ. ರೋಸಾ ಕೊನೆಯ ಹೆಸರನ್ನು ಓದುತ್ತಾಳೆ, ಊರನ್ನು ಹೇಳುತ್ತಾಳೆ, ದೀಪ ಆರುತ್ತದೆ.